ಲಿವರ್ ಕಸಿ ಆದ ಮಕ್ಕಳು ಹತ್ತು, ಇಪ್ಪತ್ತು ವರ್ಷದ ಮೇಲೆ ಹೇಗಿರ್ತಾರೆ?

ಶಿಡ್ಲಘಟ್ಟದ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಆರು ವರ್ಷ. ಒಂದು ವರ್ಷ ಎರಡು ತಿಂಗಳ ಕೂಸಾಗಿದ್ದಾಗ ಲಿವರ್ ಕಸಿ ಆಯಿತು. ಅವರಪ್ಪನೇ ಕೊಟ್ಟರು.

ಹುಟ್ಟಿದ ಮೂರನೇ ವಾರದಿಂದಲೇ ಕಣ್ಣು ಹಳದಿ. ಕಕ್ಕ ಸೀಮೆಸುಣ್ಣದ ಹಾಗೆ ಬಿಳಿ. ಬಾಣಂತನದ ಮನೆಯಲ್ಲಿ ಎಲ್ಲರೂ "ಎಳೆಬಿಸಿಲಿಗೆ ಹಿಡಿ, ಹೋಗುತ್ತೆ" ಅಂದರು. ಹಿಡಿದೆ. ಕಾಮಾಲೆಗೆ ನಾಟಿ ಔಷಧಿ ಕೊಡುವವರ ಮನೆಗೂ ಹೋಗಿಬಂದೆವು. ಬೆಂಗಳೂರು ಮುಟ್ಟುವಷ್ಟರಲ್ಲಿ ತೊಂಬತ್ತು ದಿನ ದಾಟಿತ್ತು. ಪಿತ್ತನಾಳವೇ ಮುಚ್ಚಿಹೋಗಿದೆ, ಬಿಲಿಯರಿ ಅಟ್ರೀಸಿಯಾ ಅಂದರು. ಮೊದಲು ಕಸಾಯ್ ಆಪರೇಷನ್ ಮಾಡೋಣ ಅಂದಾಗ ನಮ್ಮತ್ತೆ "ಕೂಸನ್ನ ಕಸಾಯಿಗೆ ಕೊಡ್ತೀರೇನೋ" ಅಂತ ಅತ್ತುಬಿಟ್ಟರು. ಅದು ಆ ಆಪರೇಷನ್ ಕಂಡುಹಿಡಿದ ಜಪಾನಿನ ಡಾಕ್ಟರ ಹೆಸರು ಅಂತ ಆಮೇಲೆ ಗೊತ್ತಾಯಿತು. ಕರುಳನ್ನ ಲಿವರಿಗೇ ಜೋಡಿಸಿ ಪಿತ್ತ ಇಳಿಯೋಕೆ ದಾರಿ ಮಾಡೋದಂತೆ. ಎರಡು ತಿಂಗಳ ಒಳಗೆ ಮಾಡಿದರೆ ಹಿಡಿಯೋದು ಜಾಸ್ತಿಯಂತೆ. ನಮ್ಮದು ತಡವಾಗಿತ್ತು, ಹಿಡಿಯಲಿಲ್ಲ.

ಈಗ ಚೆನ್ನಾಗಿದ್ದಾಳೆ. ಜೂನ್‌ಗೆ ಒಂದನೇ ಕ್ಲಾಸು. ಫಾಲೋಅಪ್‌ಗೆ ಹೋದರೆ ಲಿವರಿನ ರಕ್ತಪರೀಕ್ಷೆ ನೋಡಿ "ಎಲ್‌ಎಫ್‌ಟಿ ಚೆನ್ನಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ" ಅಂತಾರೆ. ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ, ನಾನು ಎದ್ದು ಬರ್ತೀನಿ. ನನಗೆ ಬೇಕಾಗಿರೋದು ಆಮೇಲಿನ ಮಾತು. ಹದಿನಾರು ವರ್ಷಕ್ಕೆ ಹೇಗಿರ್ತಾಳೆ? ಓದ್ತಾಳಾ? ಮದುವೆ, ಮಕ್ಕಳು? ಅಪ್ಪನ ಲಿವರ್ ಎಷ್ಟು ವರ್ಷ ಬಾಳುತ್ತೆ? ಈ ದಾರಿಯಲ್ಲಿ ನಮಗಿಂತ ಮುಂದೆ ಹೋದವರು ಯಾರಾದರೂ ಇದ್ದರೆ ಹೇಳಿ.

ಗುಬ್ಬಿ ತೆಂಗಿನತೋಟ:
ತಂಗಿ, ನನ್ನ ಮಗನಿಗೆ ಈಗ ಹದಿನಾಲ್ಕು. ಮೂರು ವರ್ಷದವನಿದ್ದಾಗ ಆಯಿತು. ಡೋನರ್ ಅವರಮ್ಮ. ಹನ್ನೊಂದು ವರ್ಷದ ಅನುಭವದಲ್ಲಿ ಹೇಳ್ತೀನಿ. ಮೊದಲ ವರ್ಷ ಭಯ. ಎರಡರಿಂದ ಹತ್ತನೇ ವರ್ಷದವರೆಗೆ ಆರಾಮ. ಆಮೇಲೆ ಇನ್ನೊಂದು ಥರದ ಭಯ. ಅದನ್ನ ಕೊನೆಗೆ ಹೇಳ್ತೀನಿ.

ಮೊದಲು ಊಟದ ವಿಷಯ. ನಮ್ಮದು ತೆಂಗಿನ ಊರು, ಎಳನೀರು ಇಲ್ಲದ ದಿನವಿಲ್ಲ. ಒಂದು ಬೇಸಿಗೆಯಲ್ಲಿ ಮಗ ದಿನಕ್ಕೆ ಎರಡು, ಮೂರು ಕುಡಿದ. ರಕ್ತದಲ್ಲಿ ಪೊಟ್ಯಾಸಿಯಂ ಏರಿಬಿಟ್ಟಿತ್ತು. ದೇಹ ಹೊಸ ಲಿವರನ್ನ ತಿರಸ್ಕರಿಸದ ಹಾಗೆ ದಿನಾ ಕೊಡೋ ಟ್ಯಾಕ್ರೋಲಿಮಸ್ ಮಾತ್ರೆಯೇ ಪೊಟ್ಯಾಸಿಯಂ ಏರಿಸುತ್ತೆ, ಅದರ ಮೇಲೆ ಎಳನೀರು ಬೇರೆ. ನಿಲ್ಲಿಸಿ ಅಂದರು. ತೋಟದವನ ಮಗ ಎಳನೀರು ಕುಡಿಯೋ ಹಾಗಿಲ್ಲ ಅಂದರೆ ನಮ್ಮಪ್ಪನಿಗೆ ನಂಬಿಕೆಯೇ ಬರಲಿಲ್ಲ. ಎಲ್ಲ ಮಕ್ಕಳಿಗೂ ಹೀಗಾಗುತ್ತೆ ಅಂತಲ್ಲ. ರಿಪೋರ್ಟಿನಲ್ಲಿ ಆ ಸಾಲು ನೋಡೋದನ್ನ ಅಭ್ಯಾಸ ಮಾಡ್ಕೊಳ್ಳಿ, ಅಷ್ಟೆ.

ಕೋಲಾರದ ಸಿಸ್ಟರ್:
ನಾನು ಒಂಬತ್ತು ವರ್ಷ ಟ್ರಾನ್ಸ್‌ಪ್ಲಾಂಟ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಈಗ ಊರಲ್ಲೇ ಇದ್ದೀನಿ. ಗೊತ್ತಿರೋದು ಹೇಳ್ತೀನಿ. ನಿಮ್ಮ ಮಗುವಿನ ಡೋಸ್ ಎಷ್ಟು ಅಂತ ಮಾತ್ರ ನನ್ನನ್ನ ಕೇಳಬೇಡಿ, ಅದು ನಿಮ್ಮ ಡಾಕ್ಟರ ಕೆಲಸ.

ಲಿವರ್ ಎಷ್ಟು ವರ್ಷ ಬಾಳುತ್ತೆ ಅಂತ ಕೇಳಿದ್ದೀರಿ. ಅದಕ್ಕೆ ಎಕ್ಸ್‌ಪೈರಿ ಡೇಟ್ ಇಲ್ಲ. ಒಳ್ಳೆ ಸೆಂಟರ್‌ಗಳಲ್ಲಿ ಕಸಿ ಆದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಮಕ್ಕಳು ಮೊದಲ ವರ್ಷ ದಾಟುತ್ತಾರೆ. ಹತ್ತು ವರ್ಷದ ಲೆಕ್ಕದಲ್ಲೂ ಎಂಬತ್ತಕ್ಕಿಂತ ಮೇಲೇ. ಜಗತ್ತಿನಲ್ಲಿ ಮೊದಲ ಸಲ ಮನುಷ್ಯನಿಗೆ ಲಿವರ್ ಕಸಿ ಮಾಡೋಕೆ ನೋಡಿದ್ದು 1963ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ, ಡಾ. ಥಾಮಸ್ ಸ್ಟಾರ್ಜಲ್. ಆ ಮಗುವಿಗೆ ಮೂರು ವರ್ಷ, ನಿಮ್ಮ ಮಗಳಿಗಿದ್ದ ಕಾಯಿಲೆಯೇ. ಮಗು ಉಳಿಯಲಿಲ್ಲ. ಅಲ್ಲಿಂದ ಇಲ್ಲಿಗೆ ಬಂದಿದ್ದೀವಿ.

ಆದರೆ ಉಳಿಯೋದು ಬೇರೆ, ಚೆನ್ನಾಗಿರೋದು ಬೇರೆ. 2012ರಲ್ಲಿ ಹೊರಗೆ ಬಂದ ಒಂದು ಅಧ್ಯಯನದಲ್ಲಿ ಕಸಿ ಆಗಿ ಹತ್ತು ವರ್ಷ ದಾಟಿದ 167 ಮಕ್ಕಳನ್ನ ನೋಡಿದರು. ಲಿವರ್ ಟೆಸ್ಟ್ ನಾರ್ಮಲ್, ಬೆಳವಣಿಗೆ ಸರಿ, ಕಿಡ್ನಿ ಸರಿ, ಒಂದೇ ಮಾತ್ರೆ ಸಾಕು, ಬೇರೆ ತೊಂದರೆ ಇಲ್ಲ, ಹೀಗೆ ಎಲ್ಲ ಪರೀಕ್ಷೆಯಲ್ಲೂ ಪಾಸಾದವರು ನೂರಕ್ಕೆ 32 ಅಷ್ಟೆ. ಉಳಿದವರೆಲ್ಲ ಹಾಸಿಗೆ ಹಿಡಿದಿದ್ದರು ಅಂತ ಅಲ್ಲ. ಒಬ್ಬರಿಗೆ ಕುಳ್ಳು, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಕಿಡ್ನಿ ಸ್ವಲ್ಪ ಕಡಿಮೆ. ಇಂಥವು.

ಶಿಡ್ಲಘಟ್ಟದ ಅಮ್ಮ:
ಮೂರರಲ್ಲಿ ಒಂದಾ! ಓದಿ ಕೈಕಾಲು ತಣ್ಣಗಾಯಿತು ಸಿಸ್ಟರ್.

ಕೋಲಾರದ ಸಿಸ್ಟರ್:
ಹೆದರಿಸೋಕೆ ಹೇಳಿದ್ದಲ್ಲ ಅಕ್ಕ. ನಾನೂ ನೀವೂ ಅದೇ ಥರ ಎಲ್ಲ ಟೆಸ್ಟ್ ಮಾಡಿಸಿದರೆ ಎಲ್ಲದರಲ್ಲೂ ಪಾಸಾಗ್ತೀವಾ? ನನಗೇ ಶುಗರ್ ಇದೆ. ಏನೇನು ನೋಡ್ತಾ ಇರಬೇಕು ಅಂತ ಗೊತ್ತಿದ್ದರೆ ಬೇಗ ಹಿಡಿಯಬಹುದು, ಅದಕ್ಕೇ ಹೇಳಿದ್ದು.

ಕಿಡ್ನಿ ಮುಖ್ಯ. ಲಿವರ್ ಕಾಯೋ ಮಾತ್ರೆಯೇ ಕಿಡ್ನಿಗೆ ಭಾರ. ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಮೆಗ್ನೀಸಿಯಂ ನೋಡ್ತಾ ಇರಬೇಕು. ಮಗು ಅಂತ ಬಿಡದೆ ಬಿಪಿ ಕೂಡ ನೋಡಿಸಿ, ತೋಳಿಗೆ ಸುತ್ತೋ ಪಟ್ಟಿ ಚಿಕ್ಕ ಮಕ್ಕಳದ್ದೇ ಆಗಿರಬೇಕು. ಜ್ವರ, ಮೈಕೈ ನೋವು ಅಂತ ಐಬುಪ್ರೊಫೆನ್ ಇರೋ ಸಿರಪ್ ಕೊಡಬೇಡಿ, ಅದು ಕಿಡ್ನಿಗೆ ಇನ್ನೊಂದು ಪೆಟ್ಟು.

ಎತ್ತರದ ವಿಷಯ. ಕಸಿ ಆದ ಮೇಲೆ ಮೊದಲ ಎರಡು ವರ್ಷ ಮಕ್ಕಳು ಚಿಗುರಿಕೊಳ್ಳುತ್ತಾರೆ. ಸ್ಟೀರಾಯ್ಡ್ ಬೇಗ ನಿಂತರೆ ಒಳ್ಳೇದು. ಆದರೂ ಕೆಲವರು ಓರಗೆಯವರಿಗಿಂತ ಗಿಡ್ಡವೇ ಉಳೀತಾರೆ.

ಇನ್ನೊಂದು ಮಾತು. ಎಲ್‌ಎಫ್‌ಟಿ ನಾರ್ಮಲ್ ಇದ್ದರೂ ಒಳಗೆ ಲಿವರ್ ಸ್ವಲ್ಪ ಗಟ್ಟಿಯಾಗ್ತಾ ಹೋಗಬಹುದು. ಅದಕ್ಕೇ ಕೆಲವು ಕಡೆ ಐದು, ಹತ್ತು ವರ್ಷಕ್ಕೆ ಬಯಾಪ್ಸಿ ಮಾಡ್ತಾರೆ, ಅಂದರೆ ಸೂಜಿಯಿಂದ ಲಿವರಿನ ಚೂರು ತೆಗೆದು ನೋಡ್ತಾರೆ. ಮಗು ಚೆನ್ನಾಗಿದ್ದಾಗ ಸೂಜಿ ಯಾಕೆ ಅಂತ ಜಗಳ ಆಡಬೇಡಿ.

ಮದುವೆ, ಮಕ್ಕಳ ವಿಷಯ ಇನ್ನೂ ದೂರ ಇದೆ. ಆದರೂ ಕೇಳಿದ್ದೀರಿ. ಲಿವರ್ ಕಸಿ ಆದ ಎಷ್ಟೋ ಹೆಣ್ಣುಮಕ್ಕಳು ತಾಯಿ ಆಗಿದ್ದಾರೆ. ಟ್ಯಾಕ್ರೋಲಿಮಸ್ ತಗೊಳ್ತಾನೇ. ಮೈಕೋಫೀನೋಲೇಟ್ ಅನ್ನೋ ಮಾತ್ರೆ ಇದ್ದರೆ ಮಾತ್ರ ಮೊದಲೇ ಬದಲಾಯಿಸಬೇಕು, ಅದು ಹೊಟ್ಟೆಯಲ್ಲಿರೋ ಮಗುವಿಗೆ ಆಗಲ್ಲ. ಅಂದರೆ ಡಾಕ್ಟರಿಗೆ ಹೇಳಿ ಗರ್ಭ ಧರಿಸಬೇಕು, ಧರಿಸಿ ಹೇಳೋದಲ್ಲ.

ಚಿಂತಾಮಣಿ ಅಣ್ಣ:
ಎಲ್ಲರೂ ಇಂಗ್ಲಿಷ್ ಔಷಧಿ ಬಗ್ಗೆಯೇ ಮಾತಾಡ್ತಿದ್ದೀರಿ. ಅಮೃತಬಳ್ಳಿ ಕಷಾಯ ದಿನಾ ಒಂದು ಚಮಚ ಕೊಡಿ ತಾಯಿ. ರೋಗನಿರೋಧಕ ಶಕ್ತಿ ಬೆಳೆಯುತ್ತೆ. ನಮ್ಮ ಮನೆಯಲ್ಲಿ ಕೊರೊನಾ ಸಮಯದಿಂದ ಎಲ್ಲರೂ ಕುಡೀತೀವಿ.

ಕೋಲಾರದ ಸಿಸ್ಟರ್:
ಅಣ್ಣ, ನಿಮ್ಮ ಮನೆಯವರು ಏನಾದರೂ ಕುಡಿಯಲಿ. ಈ ಮಗುವಿಗೆ ಮಾತ್ರ ಬೇಡ. ಮನೆಗೆ ಹೊಸಬರು ಬಂದಿದ್ದಾರೆ ಅಂತ ನಾಯಿಯನ್ನ ಕಟ್ಟಿಹಾಕಿದ್ದೀವಿ ಅಂದುಕೊಳ್ಳಿ. ನೀವು ಆ ನಾಯಿಗೆ ಮುದ್ದೆ ಹಾಕಿ, ಮೈ ತುಂಬಿಸಿ, ಹಗ್ಗ ಬಿಚ್ಚಿ ಅಂತಿದ್ದೀರಿ. ಅದು ಹೋಗಿ ಹೊಸಬರನ್ನೇ ಕಚ್ಚುತ್ತೆ. ಆ ನಾಯಿ ಅಂದರೆ ನೀವು ಹೇಳಿದ ರೋಗನಿರೋಧಕ ಶಕ್ತಿ, ಆ ಹೊಸಬರು ಅಂದರೆ ಅಪ್ಪನ ಲಿವರ್. ಅಷ್ಟೇ ಅಲ್ಲ, ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡವರ ವರದಿ ನಮ್ಮ ದೇಶದಲ್ಲೇ ಬಂದಿದೆ.

ಚಿಂತಾಮಣಿ ಅಣ್ಣ:
ಸರಿ ಸಿಸ್ಟರ್. ಗೊತ್ತಿರಲಿಲ್ಲ. ಒಳ್ಳೇದಕ್ಕೆ ಹೇಳಿದ್ದು.

ಅಮ್ಮನ ಲಿವರ್:
ಕಸಿ ಆದವನೇ ಮಾತಾಡ್ತಿದ್ದೀನಿ. ತುಮಕೂರು. ವಯಸ್ಸು 24. ಎಂಟು ವರ್ಷದವನಿದ್ದಾಗ ವಿಲ್ಸನ್ ಕಾಯಿಲೆ. ದೇಹದಲ್ಲಿ ತಾಮ್ರ ಸೇರಿಕೊಂಡು ಲಿವರ್ ಒಂದೇ ವಾರದಲ್ಲಿ ಕೈಕೊಟ್ಟಿತು. ಚೆನ್ನೈಯಲ್ಲಿ ಆಪರೇಷನ್. ನನ್ನ ಐಡಿ ನೋಡಿದರೆ ಡೋನರ್ ಯಾರು ಅಂತ ಗೊತ್ತಾಗುತ್ತೆ. ಡಿಪ್ಲೊಮಾ ಮುಗಿಸಿ ವಸಂತನರಸಾಪುರದ ಕಡೆ ಕೆಲಸಕ್ಕೆ ಹೋಗ್ತೀನಿ. ಬೈಕ್ ಓಡಿಸ್ತೀನಿ. ಕ್ಯಾತಸಂದ್ರದ ತಟ್ಟೆ ಇಡ್ಲಿ ತಿಂತೀನಿ, ಬಿಸಿ ಇದ್ದರೆ ಮಾತ್ರ. ಚಟ್ನಿ ಬೆಳಗ್ಗೆ ರುಬ್ಬಿದ್ದು ಸಂಜೆ ಮುಟ್ಟಲ್ಲ.

ಅಕ್ಕ, ನಮ್ಮ ದೇಶದಲ್ಲಿ ಮೊದಲು ಯಶಸ್ವಿಯಾದ ಮಕ್ಕಳ ಲಿವರ್ ಕಸಿ 1998ರಲ್ಲಿ, ದೆಹಲಿಯ ಅಪೋಲೋದಲ್ಲಿ. ಕಾಂಚೀಪುರಂ ಕಡೆಯ ಮಗು, ಒಂದೂವರೆ ವರ್ಷ, ನಿಮ್ಮ ಮಗಳ ಕಾಯಿಲೆಯೇ, ಕೊಟ್ಟಿದ್ದು ಅಪ್ಪನೇ. ಆ ಮಗು ಈಗ ಡಾಕ್ಟರ್. ನನಗೆ ಭಯ ಆದಾಗೆಲ್ಲ ಅದನ್ನೇ ನೆನೆಸಿಕೊಳ್ತೀನಿ.

ಶಿಡ್ಲಘಟ್ಟದ ಅಮ್ಮ:
ಇದನ್ನ ಓದಿ ನಮ್ಮ ಯಜಮಾನರು ಎದ್ದು ಹೋಗಿ ಮಗಳ ತಲೆ ಸವರಿ ಬಂದರು. ಥ್ಯಾಂಕ್ಸ್ ತಮ್ಮ.

ಒಂದು ಚಿಕ್ಕ ಪ್ರಶ್ನೆ. ದೇವನಹಳ್ಳಿಯಿಂದ ನಾದಿನಿ ಚಕ್ಕೋತ ತಂದಿದ್ದಾರೆ. ಮಗಳು ಕೇಳ್ತಿದ್ದಾಳೆ. ಹಣ್ಣು ಅಲ್ವಾ, ಕೊಡಬಹುದಾ?

ಕೋಲಾರದ ಸಿಸ್ಟರ್:
ಬೇಡ! ಚಕ್ಕೋತ ಬೇಡವೇ ಬೇಡ. ಟ್ಯಾಕ್ರೋಲಿಮಸ್ ಅನ್ನು ಕರಗಿಸೋ ಕಿಣ್ವವನ್ನ ಚಕ್ಕೋತ ಕಟ್ಟಿಹಾಕುತ್ತೆ. ಮಾತ್ರೆ ಅಷ್ಟೇ ಕೊಟ್ಟರೂ ರಕ್ತದಲ್ಲಿ ಲೆವೆಲ್ ಏರಿಬಿಡುತ್ತೆ. ಕಿತ್ತಳೆ, ಮೂಸಂಬಿ ಬಗ್ಗೆ ನಿಮ್ಮ ಡಯಟಿಷಿಯನ್ ಕೇಳಿ. ಚಕ್ಕೋತ ನಾದಿನಿಯವರೇ ತಿನ್ನಲಿ.

ಇದೇ ಥರ ಕೆಲವು ಆಂಟಿಬಯಾಟಿಕ್, ಫಂಗಸ್ ಮಾತ್ರೆಗಳೂ ಲೆವೆಲ್ ಏರಿಸುತ್ತವೆ. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಫ್ಲುಕೊನಜೋಲ್. ಟಿಬಿ ಮಾತ್ರೆ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಫೆನಿಟೋಯಿನ್ ಇಳಿಸುತ್ತವೆ. ಭೇದಿ ಆದರೂ ಲೆವೆಲ್ ಏರುತ್ತೆ. ಜನ ತಿಳಿದುಕೊಂಡಿರೋದು ಉಲ್ಟಾ, ಭೇದಿಯಲ್ಲಿ ಮಾತ್ರೆ ಕೊಚ್ಚಿಹೋಯಿತು ಅಂತ ಇನ್ನೊಂದು ಕೊಟ್ಟುಬಿಡ್ತಾರೆ. ಹಾಗೆ ಮಾಡಬೇಡಿ, ಫೋನ್ ಮಾಡಿ.

ಗುಬ್ಬಿ ತೆಂಗಿನತೋಟ:
ಲೆವೆಲ್ ಅಂದರೆ ನೆನಪಾಯಿತು. ಒಂದು ಲ್ಯಾಬಿನಲ್ಲಿ "ಮಾತ್ರೆ ಕೊಟ್ಟು ಕರ್ಕೊಂಡು ಬನ್ನಿ, ಏನೂ ಆಗಲ್ಲ" ಅಂದರು. ಕೊಟ್ಟೆ. ಲೆವೆಲ್ ದುಪ್ಪಟ್ಟು ಬಂತು. ಡಾಕ್ಟರು ಗಾಬರಿಯಾಗಿ ಡೋಸ್ ಇಳಿಸೋದರಲ್ಲಿದ್ದರು, ಕೋಆರ್ಡಿನೇಟರ್ ಮೇಡಂ "ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರಿ" ಅಂತ ಕೇಳಿದ್ದಕ್ಕೆ ಉಳಿದೆವು. ಹಿಂದಿನ ರಾತ್ರಿಯ ಮಾತ್ರೆ ಆಗಿ ಹನ್ನೆರಡು ಗಂಟೆಗೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಮಾತ್ರೆಯನ್ನ ಜೇಬಲ್ಲಿ ಇಟ್ಟುಕೊಂಡು ಹೋಗಿ, ರಕ್ತ ಕೊಟ್ಟು ಅಲ್ಲೇ ನುಂಗಿಸಿ. ಮೆಡಿಕಲ್ ಶಾಪಿನವರು "ಅದೇ ಔಷಧಿ, ಬೇರೆ ಕಂಪನಿ" ಅಂತ ಕೊಟ್ಟರೂ ತಗೋಬೇಡಿ. ಕಂಪನಿ ಬದಲಾದರೆ ಲೆವೆಲ್ ಮತ್ತೆ ನೋಡಬೇಕು.

ಮಧುಗಿರಿ ಮೇಷ್ಟ್ರು:
ನನ್ನ ಕ್ಲಾಸಿನಲ್ಲಿ ಇಂಥ ಒಬ್ಬ ಹುಡುಗನಿದ್ದ. ಒಂದು ಮಾತು ಹೇಳಬೇಕು ಅನ್ನಿಸಿತು. ತಾಯಿ ಮೊದಲ ದಿನವೇ ಬಂದು ಅತ್ತರು. "ಓಡೋಕೆ ಬಿಡಬೇಡಿ, ಬಿಸಿಲಿಗೆ ಬಿಡಬೇಡಿ, ಯಾರ ಜೊತೆಯೂ ಕೂರಿಸಬೇಡಿ" ಅಂದರು. ನಾನೂ ಹೆದರಿ ಅವನನ್ನ ಕಿಟಕಿ ಪಕ್ಕ ಒಂಟಿಯಾಗಿ ಕೂರಿಸಿದೆ. ಒಂದು ವರ್ಷ ಹಾಗೇ ಕೂತಿದ್ದ. ಈಗ ಯೋಚಿಸಿದರೆ ತಪ್ಪು ಮಾಡಿದೆ ಅನ್ನಿಸುತ್ತೆ. ಡಾಕ್ಟರ ಚೀಟಿಯಲ್ಲಿ ಎಲ್ಲ ಆಟ ಆಡಬಹುದು ಅಂತಲೇ ಇತ್ತು. ಟೋಪಿ ಹಾಕಿ, ಬಿಸಿಲಿಗೆ ಕ್ರೀಮ್ ಹಚ್ಚಿ ಅಂತ ಇತ್ತು. ನಾವಿಬ್ಬರೂ ಅದನ್ನ ಸರಿಯಾಗಿ ಓದಿರಲಿಲ್ಲ.

ಓದಿನಲ್ಲಿ ಅವನಿಗೆ ಲೆಕ್ಕ ಕಷ್ಟ ಆಗ್ತಿತ್ತು. ಪದ್ಯ ಬಾಯಿಪಾಠ ಮಾಡ್ತಿದ್ದ, ಮಗ್ಗಿ ನಿಲ್ತಿರಲಿಲ್ಲ. ಇದು ಕಾಯಿಲೆಗೆ ಸಂಬಂಧಪಟ್ಟಿದ್ದಾ ಸಿಸ್ಟರ್?

ಕೋಲಾರದ ಸಿಸ್ಟರ್:
ಇರಬಹುದು ಸರ್. ಮೆದುಳು ಬೆಳೆಯೋ ಮೊದಲ ವರ್ಷದಲ್ಲೇ ಲಿವರ್ ಕೆಟ್ಟಿರುತ್ತೆ, ಪೌಷ್ಟಿಕತೆ ಸಾಲದು, ತಿಂಗಳುಗಟ್ಟಲೆ ಆಸ್ಪತ್ರೆ. ಹೆಚ್ಚಿನ ಮಕ್ಕಳು ಮಾಮೂಲಿ ಶಾಲೆಯಲ್ಲೇ ಓದ್ತಾರೆ. ಆದರೆ ಗಮನ ಇಟ್ಟು ಕೂರೋದು, ಲೆಕ್ಕ, ಮಾತು ಸ್ವಲ್ಪ ಹಿಂದೆ ಬೀಳೋದು ಬೇರೆ ಮಕ್ಕಳಿಗಿಂತ ಇವರಲ್ಲಿ ಜಾಸ್ತಿ. ಸೋಮಾರಿ ಅಂತ ಬೈಯೋ ಬದಲು ಬೇಗ ಪರೀಕ್ಷೆ ಮಾಡಿಸಿ ಸಹಾಯ ಕೊಟ್ಟರೆ ಹಿಡ್ಕೊಳ್ತಾರೆ.

ಶಿಡ್ಲಘಟ್ಟದ ಅಕ್ಕನಿಗೆ ಶಾಲೆ ಬಗ್ಗೆ ಎರಡು ಮಾತು. ಕ್ಲಾಸಿನಲ್ಲಿ ಯಾರಿಗಾದರೂ ಅಮ್ಮ ಆದರೆ, ಅಂದರೆ ಚಿಕನ್‌ಪಾಕ್ಸ್, ಅವತ್ತೇ ಆಸ್ಪತ್ರೆಗೆ ಫೋನ್ ಮಾಡಿ. ಮೈಮೇಲೆ ಗುಳ್ಳೆ ಏಳೋವರೆಗೆ ಕಾಯಬೇಡಿ. ದಡಾರದವರ ಜೊತೆ ಇದ್ದರೂ ಅಷ್ಟೆ. ಈ ಎರಡು ಕಾಯಿಲೆಯ ಲಸಿಕೆಗಳಲ್ಲಿ ಜೀವಂತ ವೈರಸ್ ಇರೋದರಿಂದ ಸಾಮಾನ್ಯವಾಗಿ ಕಸಿ ಆದ ಮೇಲೆ ಕೊಡಲ್ಲ, ಡಾಕ್ಟರೇ ನೋಡಿ ಹೇಳಿದರೆ ಮಾತ್ರ. ಫ್ಲೂ ಲಸಿಕೆ ವರ್ಷಾ ವರ್ಷಾ ಹಾಕಿಸಿ. ಮನೆಯವರೆಲ್ಲ ಹಾಕಿಸ್ಕೊಳ್ಳಿ.

ಶಿಡ್ಲಘಟ್ಟದ ಅಮ್ಮ:
ಪಲ್ಸ್ ಪೋಲಿಯೋ? ಅಂಗನವಾಡಿಯವರು ಮನೆಗೇ ಬರ್ತಾರೆ. ಮಗಳಿಗೆ ಹಾಕಿಸಲ್ಲ. ಆದರೆ ಅವಳ ತಮ್ಮನಿಗೆ ಎರಡು ವರ್ಷ.

ಕೋಲಾರದ ಸಿಸ್ಟರ್:
ಒಳ್ಳೇ ಪ್ರಶ್ನೆ, ತುಂಬಾ ಜನ ಕೇಳೋದೇ ಇಲ್ಲ. ಹನಿ ಹಾಕಿದ ಮಗುವಿನ ಕಕ್ಕದಲ್ಲಿ ಕೆಲವು ವಾರ ವೈರಸ್ ಬರುತ್ತೆ. ಅದಕ್ಕೇ ಮನೆಯಲ್ಲಿ ಕಸಿ ಆದವರಿದ್ದರೆ ತಮ್ಮನಿಗೆ ಹನಿ ಬದಲು ಇಂಜೆಕ್ಷನ್ ಅಂತಾರೆ. ನಿಮ್ಮ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಂಡು ಆಶಾ ಕಾರ್ಯಕರ್ತೆಗೆ ತೋರಿಸಿ. ಸುಮ್ನೆ ಬಾಗಿಲು ಹಾಕಿದರೆ ಅವರು ಪಾಪ ನಾಲ್ಕು ಸಲ ಬರ್ತಾರೆ.

ಮತ್ತೊಂದು. ಮಗು ಇದ್ದಕ್ಕಿದ್ದಂತೆ ಗೊರಕೆ ಹೊಡೆಯೋಕೆ ಶುರು ಮಾಡಿದರೆ, ಟಾನ್ಸಿಲ್ ಊದಿದರೆ, ಕುತ್ತಿಗೆಯಲ್ಲಿ ಗಂಟು, ಬಿಡದ ಜ್ವರ ಬಂದರೆ ನೆಗಡಿ ಅಂತ ಕೂರಬೇಡಿ. ಇಬಿವಿ ಅನ್ನೋ ವೈರಸ್ಸಿಂದ ಇವರಲ್ಲಿ ಒಂದು ಥರ ಲಿಂಫೋಮಾ, ಅಂದರೆ ಕ್ಯಾನ್ಸರ್, ಬರಬಹುದು. ಮೊದಲ ವರ್ಷ ಜಾಸ್ತಿ, ಆಮೇಲೂ ಬರಬಹುದು. ಬೇಗ ಗೊತ್ತಾದರೆ ಮಾತ್ರೆ ಕಡಿಮೆ ಮಾಡಿದ್ದಕ್ಕೇ ಎಷ್ಟೋ ಸಲ ಇಳಿಯುತ್ತೆ.

ಶಿಡ್ಲಘಟ್ಟದ ಅಮ್ಮ:
ಅವಳ ಹಾಲುಹಲ್ಲು ಹಸಿರು ಬಣ್ಣ. ಶಾಲೆಯಲ್ಲಿ ಆಡ್ಕೋತಾರೆ ಅಂತ ಸಂಕಟ.

ಅಮ್ಮನ ಲಿವರ್:
ಕಾಮಾಲೆ ಇದ್ದಾಗ ಬೆಳೆದ ಹಲ್ಲಿಗೆ ಆ ಬಣ್ಣ ಕೂತುಬಿಡುತ್ತೆ ಅಕ್ಕ. ನಮ್ಮ ಆಸ್ಪತ್ರೆಯಲ್ಲಿ ಎಷ್ಟೋ ಪಾಪುಗಳಿಗೆ ನೋಡಿದ್ದೀನಿ. ಬಿದ್ದು ಹೊಸದು ಬರುತ್ತಲ್ಲ, ಮುಂದಿನ ಹಲ್ಲು ಸಾಮಾನ್ಯವಾಗಿ ಬೆಳ್ಳಗೇ ಬರುತ್ತೆ. ಆರು ವರ್ಷ ಅಂದರೆ ಇನ್ನೇನು ಅಲ್ಲಾಡೋಕೆ ಶುರು.

ಗುಬ್ಬಿ ಅಣ್ಣ, ಕೊನೆಗೆ ಹೇಳ್ತೀನಿ ಅಂದಿದ್ದಿರಿ. ಕಾಯ್ತಿದ್ದೀನಿ.

ಗುಬ್ಬಿ ತೆಂಗಿನತೋಟ:
ಹೇಳ್ತೀನಿ. ಹೇಳೋಕೆ ನಾಚಿಕೆ.

ಹೋದ ವರ್ಷ ಎಂಟನೇ ಕ್ಲಾಸು. ಎತ್ತರ ಬಂದ, ದನಿ ಒಡೆಯಿತು, ಬಾಗಿಲು ಹಾಕ್ಕೊಂಡು ಓದ್ತೀನಿ ಅಂದ. ಇಷ್ಟು ವರ್ಷ ಬೆಳಗ್ಗೆ ಎಂಟು, ರಾತ್ರಿ ಎಂಟು, ನಾನೇ ಕೈಗೆ ಕೊಡ್ತಿದ್ದೆ. "ನಾನೇ ತಗೋತೀನಿ ಅಪ್ಪ" ಅಂದ. ದೊಡ್ಡವನಾದ ಅಂತ ಖುಷಿಯಾಯಿತು. ಡಬ್ಬಿ ಅವನ ಕೈಗೆ ಕೊಟ್ಟೆ. ನಾಲ್ಕು ತಿಂಗಳಾದ ಮೇಲೆ ಎಲ್‌ಎಫ್‌ಟಿ ಮೂರು ಪಟ್ಟು. ಲೆವೆಲ್ ತಳ ಮುಟ್ಟಿತ್ತು. ಡಾಕ್ಟರು ನನ್ನ ಮುಖ ನೋಡಿದರು, ನಾನು ಅವನ ಮುಖ ನೋಡಿದೆ. ಅವನು ಗೋಡೆ ನೋಡ್ತಿದ್ದ. ಮನೆಗೆ ಬಂದು ಹುಡುಕಿದರೆ ಹಳೇ ಶೂ ಒಳಗೆ ಮಾತ್ರೆಗಳು. ಲೆಕ್ಕ ಹಾಕಲಿಲ್ಲ. ಹಾಕೋಕಾಗಲಿಲ್ಲ.

ಬಯಾಪ್ಸಿ ಆಯಿತು, ರಿಜೆಕ್ಷನ್, ಅಂದರೆ ದೇಹ ಲಿವರನ್ನ ತಿರಸ್ಕರಿಸ್ತಿದೆ ಅಂದರು. ಮೂರು ದಿನ ಸ್ಟೀರಾಯ್ಡ್ ಡ್ರಿಪ್. ಎಲ್‌ಎಫ್‌ಟಿ ಇಳಿದು ಸರಿ ಆಯಿತು. ಆದರೆ ಮುಖ ಊದಿತು, ಬಿಪಿ ಮಾತ್ರೆ ಸೇರಿತು. ನಾನು ಬೈದೆ. ಅವರಮ್ಮ ಬೈಯಲಿಲ್ಲ, ಒಂದೂ ಮಾತಾಡದೆ ತನ್ನ ಹೊಟ್ಟೆಯ ಗಾಯದ ಗುರುತು ಮುಟ್ಟಿಕೊಂಡು ಕೂತಿದ್ದಳು. ಅದು ಅವನಿಗೆ ನನ್ನ ಬೈಗುಳಕ್ಕಿಂತ ಜಾಸ್ತಿ ತಾಗಿತು ಅನ್ನಿಸುತ್ತೆ. ಈಗ ಮಾತು ಕಡಿಮೆ.

ಅಮ್ಮನ ಲಿವರ್:
ಅಣ್ಣ, ನಾನೂ ಮಾಡಿದ್ದೀನಿ. ಹದಿನೈದಕ್ಕೆ. ನನ್ನದು ಶೂ ಅಲ್ಲ, ಹಿತ್ತಲಿನ ಬಾವಿ. ಯಾಕೆ ಅಂತ ಆಗ ಕೇಳಿದ್ದರೆ ಹೇಳೋಕೆ ಬರ್ತಿರಲಿಲ್ಲ. ಸಾಯಬೇಕು ಅಂತ ಅಲ್ಲ. ಒಂದು ವಾರ ಎಲ್ಲರ ಥರ ಇದ್ದರೆ ಏನಾಗುತ್ತೆ ಅಂತ ನೋಡೋಣ ಅನ್ನಿಸಿತು. ಒಂದು ವಾರ ಏನೂ ಆಗಲ್ಲ, ಅದೇ ತಾಪತ್ರಯ. ಏನೂ ಆಗಲಿಲ್ಲವಲ್ಲ ಅಂತ ಎರಡನೇ ವಾರ.

ಅಮ್ಮ ಹೊಟ್ಟೆ ಮುಟ್ಟಿಕೊಂಡು ಕೂತರು ಅಂದಿರಿ. ದಯವಿಟ್ಟು ಅದನ್ನ ಅವನ ಮುಂದೆ ಮಾಡಬೇಡಿ ಅಂತ ಅಕ್ಕನಿಗೆ ಹೇಳಿ. ಕೊಟ್ಟವರ ಋಣ ನಮಗೆ ಗೊತ್ತು, ದಿನಾ ಗೊತ್ತು. ಅದನ್ನ ಹೊತ್ಕೊಂಡು ಇರೋದೇ ಕಷ್ಟ.

ನಮ್ಮಪ್ಪ ಏನು ಮಾಡಿದರು ಅಂದರೆ, "ಮಾತ್ರೆ ತಗೊಂಡ್ಯಾ" ಅಂತ ಕೇಳೋದನ್ನ ನಿಲ್ಲಿಸಿದರು. ಏಳು ಖಾನೆಯ ಡಬ್ಬಿ ಊಟದ ಮೇಜಿನ ಮೇಲೆ ಇಟ್ಟರು, ಖಾಲಿ ಆಗಿದೆಯಾ ಅಂತ ಕಣ್ಣಲ್ಲೇ ನೋಡ್ತಿದ್ದರು. ಭಾನುವಾರ ಅದನ್ನ ತುಂಬೋ ಕೆಲಸ ಇಬ್ಬರೂ ಸೇರಿ. ಫಾಲೋಅಪ್‌ನಲ್ಲಿ ಹತ್ತು ನಿಮಿಷ ನನ್ನೊಬ್ಬನನ್ನೇ ಡಾಕ್ಟರ ಹತ್ತಿರ ಬಿಟ್ಟು ಹೊರಗೆ ಕೂರ್ತಿದ್ದರು. ರಿಪೋರ್ಟ್ ನಾನೇ ಓದಬೇಕು, ಕೋಆರ್ಡಿನೇಟರ್‌ಗೆ ನಾನೇ ಫೋನ್ ಮಾಡಬೇಕು. ಒಂದೇ ಸಲ ಡಬ್ಬಿ ಕೈಗೆ ಕೊಡೋದಲ್ಲ ಅಣ್ಣ, ಸೈಕಲ್ ಕಲಿಸೋ ಹಾಗೆ, ಹಿಂದಿನ ಸೀಟು ಹಿಡ್ಕೊಂಡು ಸ್ವಲ್ಪ ದೂರ ಓಡಬೇಕು. ಬೇಕಾದರೆ ಅವನಿಗೆ ನನ್ನ ನಂಬರ್ ಕೊಡಿ. ಇನ್‌ಬಾಕ್ಸ್ ಮಾಡ್ತೀನಿ.

ಗುಬ್ಬಿ ತೆಂಗಿನತೋಟ:
ಕೊಡು ತಮ್ಮ. ಭಾನುವಾರ ತುಮಕೂರಿಗೆ ಬರ್ತೀವಿ. ಇಬ್ಬರೂ.

ಕೋಲಾರದ ಸಿಸ್ಟರ್:
ಈ ಮಾತು ನಾನು ವಾರ್ಡಿನಲ್ಲಿ ಒಂಬತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರಿಗೂ ಹೇಳಿರಲಿಲ್ಲ. ವರ್ಷಗಳ ಮೇಲೆ ಲಿವರ್ ಕಳ್ಕೊಳ್ಳೋ ಹದಿಹರೆಯದವರಲ್ಲಿ ಮಾತ್ರೆ ಬಿಡೋದು ದೊಡ್ಡ ಕಾರಣ.

ಯಾರಾದರೂ ಕೇಳ್ತಾರೆ ಅಂತ ಮೊದಲೇ ಹೇಳಿಬಿಡ್ತೀನಿ. ಮಾತ್ರೆ ಪೂರ್ತಿ ನಿಲ್ಲಿಸಿದರೂ ಚೆನ್ನಾಗಿರೋ ಮಕ್ಕಳಿದ್ದಾರೆ, ನಿಜ. ಅಮೆರಿಕದಲ್ಲಿ 88 ಮಕ್ಕಳಿಗೆ ನಿಧಾನವಾಗಿ ನಿಲ್ಲಿಸಿ ನೋಡಿದರು. 33 ಮಕ್ಕಳಿಗೆ ಸರಿಹೋಯಿತು. ಮೊದಲೇ ಬಯಾಪ್ಸಿ ಮಾಡಿ ಆರಿಸಿಕೊಂಡ, ತುಂಬಾ ಚೆನ್ನಾಗಿದ್ದ ಮಕ್ಕಳಲ್ಲೇ ಇಷ್ಟು. ಪದೇ ಪದೇ ರಕ್ತ ನೋಡಿಕೊಂಡು, ತಿಂಗಳುಗಟ್ಟಲೆ ಇಳಿಸಿದ್ದು. ಶೂ ಒಳಗೆ ಹಾಕಿದ್ದಲ್ಲ.

ಮಧುಗಿರಿ ಮೇಷ್ಟ್ರು:
ಖರ್ಚಿನ ವಿಷಯ ಯಾರೂ ಎತ್ತಲಿಲ್ಲ. ಬಿಪಿಎಲ್ ಕಾರ್ಡ್ ಇದ್ದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಲ್ಲಿ ವಿಚಾರಿಸಿ. ಅಂಗಾಂಗ ಕಸಿಗೆ ಸರ್ಕಾರದ ಸಹಾಯ ಇದೆ. ಆ ಹುಡುಗನ ಮನೆಯವರು ಗೊತ್ತಿಲ್ಲದೆ ಎರಡು ಎಕರೆ ಮಾರಿದ್ದರು.

ಶಿಡ್ಲಘಟ್ಟದ ಅಮ್ಮ:
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ. ಜೂನ್ ಬಂತು, ಶಾಲೆ ಶುರು ಆಯಿತು. ಟೀಚರಿಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅಮ್ಮ ಆದ ಮಗು ಇದ್ದರೆ ಫೋನ್ ಮಾಡಿ, ನೋವಿನ ಸಿರಪ್ ಕೊಡಬೇಡಿ, ಆಟಕ್ಕೆ ಬಿಡಿ. ಆಟಕ್ಕೆ ಬಿಡಿ ಅಂತ ಬರೆಯುವಾಗ ಕೈ ನಡುಗಿತು, ಮೇಷ್ಟ್ರ ಮಾತು ನೆನೆದು ಬರೆದೆ. ಎರಡನೇ ದಿನ ಮಂಡಿ ತರಚಿಕೊಂಡು ಬಂದಳು. ಒಂದು ಹಸಿರು ಹಲ್ಲು ಬಿದ್ದಿದೆ. ಚಾವಣಿ ಮೇಲೆ ಎಸೆದೆವು.

ಬಾಗೇಪಲ್ಲಿ ಹೊಸಬರು:
ಅಕ್ಕಾ, ಹುಡುಕ್ತಾ ಇಲ್ಲಿಗೆ ಬಂದೆ. ನನ್ನ ಪಾಪುಗೆ ಇವತ್ತಿಗೆ 41 ದಿನ. ಕಣ್ಣು ಇನ್ನೂ ಹಳದಿ. ಕಕ್ಕ ತಿಳಿ ಬಣ್ಣ. ಬಿಳಿ ಅಂತಲೂ ಹೇಳೋಕಾಗಲ್ಲ. ಮನೆಯಲ್ಲಿ ಇನ್ನೊಂದು ವಾರ ನೋಡೋಣ ಅಂತಿದ್ದಾರೆ.

ಶಿಡ್ಲಘಟ್ಟದ ಅಮ್ಮ:
ನೋಡಬೇಡಿ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡಿ. ಮಕ್ಕಳ ಡಾಕ್ಟರಿಗೆ "ಕಾಮಾಲೆಯ ರಕ್ತಪರೀಕ್ಷೆಯಲ್ಲಿ ಡೈರೆಕ್ಟ್ ಬಿಲಿರುಬಿನ್ ಬೇರೆ ಮಾಡಿ ನೋಡಿ" ಅಂತ ನೀವೇ ಬಾಯಿಬಿಟ್ಟು ಹೇಳಿ. ತಾಯಿ ಕಾರ್ಡ್ ಇಟ್ಟುಕೊಳ್ಳಿ. ನಿಮಗೆ ಇನ್ನೂ ದಿನ ಇದೆ, ನಮಗೆ ಇರಲಿಲ್ಲ.

ಬಾಗೇಪಲ್ಲಿ ಹೊಸಬರು:
ಡೈಪರ್ ತಗೊಂಡು ಹೋಗಬೇಕಾ, ಫೋಟೊ ಸಾಕಾ?

ಶಿಡ್ಲಘಟ್ಟದ ಅಮ್ಮ:
ಎರಡೂ.